ಎಲೆಯೊಳಗಿನ ಹಗೇವು

ಬಸ್ಸಿನಲ್ಲಿ ನನ್ನ ಎರಡು ಮೊಣಕಾಲುಗಳ ನಡುವೆ ಒಂದು ಕ್ಯಾನು ಕೂತಿತ್ತು. ಅದರ ಬಾಯಿಂದ ಎದ್ದ ತೆಳ್ಳನೆಯ ಬಿಳಿ ಹೊಗೆ ಮೇಲೆ ಹೋಗದೆ ಕೆಳಗಿಳಿದು, ಸೀಟಿನ ಅಡಿಯಲ್ಲಿ ಹರಿದು, ಮುಂದೆ ಕೂತ ಅಜ್ಜಿಯೊಬ್ಬರ ಪಾದಗಳನ್ನು ಮುಚ್ಚಿಬಿಟ್ಟಿತ್ತು. ಅವರು ತಮ್ಮ ಪಾದಗಳನ್ನೇ ಹುಡುಕುವವರ ಹಾಗೆ ಬಗ್ಗಿ ನೋಡುತ್ತಿದ್ದರು.

ಕಂಡಕ್ಟರ್ ಬಂದ. “ಏನ್ರೀ ಇದು? ಹಾಲಿನ ಕ್ಯಾನ ಯಾಕ ಹೊಗಿ ಬಿಡಾಕತ್ತೈತಿ?”

“ಹಾಲಲ್ಲ ಸಾಹೇಬ್ರ. ಇದರಾಗ ಬರೇ ಚಳಿ ಐತಿ.”

“ಚಳಿಗೆ ಎಷ್ಟ ಟಿಕೀಟಂತ ನನ್ನ ಪುಸ್ತಕದಾಗ ಬರದಿಲ್ಲಲ್ರೀ!”

ಅವನು ಲಗೇಜು ಎಂದ, ನಾನು ಮಡಿಲ ಸಾಮಾನು ಎಂದೆ. ಇಂಡಿಯಿಂದ ಸಿಂದಗಿ ಮುಟ್ಟುವತನಕ ವಾದ ನಡೆಯಿತು. ಕಿಡಕಿಗಳನ್ನೆಲ್ಲ ತೆರೆಸಿದೆ, ಅಜ್ಜಿಯ ಪಾದಗಳು ಮತ್ತೆ ಕಾಣಿಸಿಕೊಂಡವು. ಕೊನೆಗೆ ಲಗೇಜು ಹಾಕದೆಯೇ ಇಳಿದೆ. ಗೆದ್ದೆ ಎಂದುಕೊಂಡೆ. ಕ್ಯಾನಿನ ಹೊಟ್ಟೆಯ ಸುತ್ತ ಹೊರಗಡೆ ಬೆಳ್ಳಗೆ ಮಂಜು ಕಟ್ಟಿತ್ತು. ಒಳಗಿನ ಚಳಿ ಎಷ್ಟು ಜೋರಾಗಿರಬೇಕು ಎಂದು ಹೆಮ್ಮೆಪಡುತ್ತ ಅದನ್ನು ಹೆಗಲಿಗೇರಿಸಿದೆ.

ಆ ಮಂಜಿನ ಅರ್ಥ ನನಗೆ ತಿಳಿದಿದ್ದರೆ ಒಂದು ತಿಂಗಳ ಕೆಲಸ ಉಳಿಯುತ್ತಿತ್ತು.

ತೊಂಬತ್ತರ ದಶಕದ ಕೊನೆಯ ಮಾತು. ಆಗ ನಾನು ನಮ್ಮ ನಾಲ್ಕು ತಾಲೂಕುಗಳಲ್ಲಿ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಲ್ಲಿ, ಕೃಷಿ ಸಂಶೋಧನೆಗೆ ಬಂದವರಿಗೆ ಹೊಲ, ಆಳು, ಬೀಜ, ಎತ್ತು ಎಲ್ಲ ಹೊಂದಿಸಿಕೊಡುತ್ತಿದ್ದೆ. ಓದು ಕಡಿಮೆ, ಮಾತು ಜಾಸ್ತಿ. ಜನ ನನ್ನನ್ನು ಏಜಂಟ ಎನ್ನುತ್ತಿದ್ದರು. ಆ ವರ್ಷ ಮೈಸೂರು ಕಡೆಯ ಒಬ್ಬ ಸಂಶೋಧಕಿ ಬಂದರು. ಮೇಡಂ ಎಂದೇ ಬರೆಯುತ್ತೇನೆ. ಮೊದಲ ದಿನ ನನ್ನನ್ನು ಕೂರಿಸಿಕೊಂಡು ಕೇಳಿದ್ದು ಇಷ್ಟೇ: “ವಿಷದ ನೆಲದಲ್ಲಿ ಒಂದು ಗಿಡ ಸಾಯುತ್ತೆ, ಪಕ್ಕದ್ದು ಹಸಿರಾಗಿರುತ್ತೆ. ಹಸಿರಾಗಿರೋದು ಹೇಗೆ ಅಂತ ನನಗೆ ಗೊತ್ತಾಗಬೇಕು. ಅಂಥ ಹೊಲ ಎಲ್ಲಾದರೂ ಇದೆಯಾ?”

ಇತ್ತು. ಸಿಂದಗಿ ತಾಲೂಕಿನ ಒಂದು ಊರಿನ ಹೊರಗೆ ನಟ್ಟು–ಬೋಲ್ಟುಗಳಿಗೆ ತುಕ್ಕು ಹಿಡಿಯದಂತೆ ಲೇಪ ಹಾಕುವ ಶೆಡ್ಡೊಂದಿತ್ತು. ನಡೆಸುತ್ತಿದ್ದವರು ಮುಚ್ಚಿಕೊಂಡು ಹೋಗಿ ಬಹಳ ದಿನವಾಗಿದ್ದರೂ ಅದರ ತೊಳೆದ ನೀರು ಹರಿದ ನಾಲಾ ಹಾಗೇ ಇತ್ತು. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿನ ರೈತರ ಕಾಳು ಇವತ್ತಿಗೂ ಸಂತೆಯಲ್ಲಿ ಮಾರಾಟವಾಗಬೇಕು.

ನಾಲಾ ಬದಿಯ ಎರಡೆಕರೆ ಒಬ್ಬ ಮುಸಲ್ಮಾನ ರೈತರದು, ಊರೆಲ್ಲ ಅವರನ್ನು ಕಾಕಾ ಎನ್ನುತ್ತಿತ್ತು. ನಮ್ಮ ಕಡೆ ಹಿಂಗಾರಿ ಜೋಳದ ಹೊಲಕ್ಕೆ ಅಂಚಿನ ಸಾಲುಗಳಲ್ಲಿ ಎಣ್ಣೆಕಾಳಾದ ಕುಸುಬಿ ಬಿತ್ತುತ್ತಾರೆ, ಬಲಿತ ಮೇಲೆ ಅದರ ಮುಳ್ಳಿಗೆ ಹೆದರಿ ದನ ಒಳಗೆ ಬರುವುದಿಲ್ಲ. ಕಾಕಾ ಆ ಅಂಚನ್ನು ತೋರಿಸಿ ಹೇಳಿದರು: “ಇಲ್ಲಿ ಜ್ವಾಳ ಹಾಕಿದ್ರ ಗೇಣುದ್ದ ಎದ್ದು ಹಳದಿ ಹೊಡೀತೈತಿ. ಕುಸುಬಿ ನೋಡು, ಗೊಬ್ಬರ ಬ್ಯಾಡ, ಏನ ಬ್ಯಾಡ, ಮದಲಗಿತ್ತಿ ಹಂಗ ನಿಂದರ್ತೈತಿ.”

ಮೇಡಂ ಆ ಕರಿಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನೋಡಿದರು. ಅವರಿಗೆ ಬೇಕಾದ ಹೊಲ ಸಿಕ್ಕಿತ್ತು.

ಮಳೆ ಹಿಂದೆ ಸರಿಯುವ ಹೊತ್ತಿಗೆ ನಾನು ಬೀಜಕ್ಕೆ ತಿರುಗಿದೆ. ಅಂಗಡಿಯ ಬೀಜ ಬೇಡ, ಮನೆಯಲ್ಲಿ ತಲೆತಲಾಂತರದಿಂದ ಉಳಿಸಿಕೊಂಡ ಕುಸುಬಿ ಬೀಜವೇ ಬೇಕು ಎಂದಿದ್ದರು. ಸಾಲೋಟಗಿಯ ಒಂದು ಮನೆಯ ಅಟ್ಟದಿಂದ, ಲಚ್ಯಾಣದ ಒಂದು ಗಡಿಗೆಯಿಂದ, ಮುದ್ದೇಬಿಹಾಳದ ಕಡೆ ಮುದುಕಿಯೊಬ್ಬಳ ಸೀರೆಯ ಗಂಟಿನಿಂದ, ಬಾಗೇವಾಡಿಯ ಒಬ್ಬ ಗಾಣದವನ ಚೀಲದಿಂದ ಬೀಜ ತಂದೆ. ಹೊಸದಾಗಿ ಈ ಕೆಲಸಕ್ಕೆ ಇಳಿಯುವವರಿಗೆ ಒಂದು ಮಾತು: ಮನೆಬೀಜವನ್ನು ಎಂದೂ ದುಡ್ಡು ಕೊಟ್ಟು ಕೇಳಬೇಡಿ. ನಿಮ್ಮ ಬೀಜ ಒಂದು ಹಿಡಿ ಕೊಟ್ಟು ಅವರದೊಂದು ಹಿಡಿ ಕೇಳಿ. ದುಡ್ಡು ತೋರಿಸಿದರೆ ಜೊಳ್ಳು ಕೊಡುತ್ತಾರೆ, ಬೀಜ ತೋರಿಸಿದರೆ ಒಳ್ಳೆಯದನ್ನು ಆರಿಸಿ ಕೊಡುತ್ತಾರೆ.

ಬೀಜದಷ್ಟೇ ಮುಖ್ಯವಾದದ್ದು ಆ ಕ್ಯಾನು. ಹಸಿರಿನ ಗುಟ್ಟೆಂದು ಮೇಡಂ ಹುಡುಕುತ್ತಿದ್ದ ಪ್ರೋಟೀನು ಗಿಡದಿಂದ ಎಲೆ ಕಿತ್ತ ಕ್ಷಣದಿಂದಲೇ ಕೆಡತೊಡಗುತ್ತದೆ. ಕಿತ್ತಲ್ಲೇ ದ್ರವ ಸಾರಜನಕದಲ್ಲಿ ಮುಳುಗಿಸಬೇಕು, ಲ್ಯಾಬು ಮುಟ್ಟುವತನಕ ಅದರಲ್ಲೇ ಇಡಬೇಕು. ಅಂಥ ಸಾರಜನಕ ನಮ್ಮ ಕಡೆ ಎಲ್ಲಿ? ಯೋಚಿಸಿ ನೋಡಿದಾಗ ಹೊಳೆಯಿತು. ಪಶು ಆಸ್ಪತ್ರೆಗಳಲ್ಲಿ ಹೋರಿಯ ವೀರ್ಯವನ್ನು ಇಡುವುದು ಅದರಲ್ಲೇ. ಮೇಡಂ ಬರೆದುಕೊಟ್ಟ ಪತ್ರ ಹಿಡಿದು ಅಂಥದೊಂದು ಆಸ್ಪತ್ರೆಗೆ ಹೋದೆ. ಕಂಪೌಂಡರ್ ನಕ್ಕು ನಕ್ಕು ಕುರ್ಚಿ ಹಿಡಿದುಕೊಂಡ. “ಏನ್ರೀ, ಕುಸುಬಿಗೂ ಗಬ್ಬ ಕಟ್ಟಸಾವ್ರೇನು?”

ಅಲ್ಲಿ ಎರಡು ಖಾಲಿ ಕ್ಯಾನುಗಳಿದ್ದವು. ಹೊಸದಕ್ಕೆ ಬಾಡಿಗೆ ಹೆಚ್ಚು, ಹಳೆಯದಕ್ಕೆ ಕಡಿಮೆ. “ಹಳೇದು ನಂಬಿಗಸ್ತ ಅಲ್ರಿ,” ಎಂದು ಅವನೇ ಹೇಳಿದ. ಬಾಡಿಗೆ ಏರಿಸಲು ಆಡುವ ಮಾತು ಎಂದುಕೊಂಡು ಹಳೆಯದನ್ನೇ ಗೊತ್ತು ಮಾಡಿದೆ; ಎಲೆ ಕೀಳುವ ಹೊತ್ತಿಗೆ ತುಂಬಿಸಿಕೊಂಡು ಬಸ್ಸಿನಲ್ಲಿ ತಂದದ್ದು ಅದನ್ನೇ.

ಕಾಕಾನ ಹೊಲದಲ್ಲಿ ಒಂದು ತುಣುಕು, ಹೋಲಿಸಿ ನೋಡಲು ಬಾಗೇವಾಡಿ ಕಡೆಯ ಸ್ವಚ್ಛ ಎರೆ ಹೊಲದಲ್ಲಿ ಇನ್ನೊಂದು ತುಣುಕು. ಎರಡೂ ಕಡೆ ಒಂದೇ ವಾರದಲ್ಲಿ ಬಿತ್ತಿದೆವು. ಪ್ರತಿ ಸಾಲಿಗೂ ಒಂದು ಗೂಟ, ಗೂಟಕ್ಕೊಂದು ತಗಡಿನ ಬಿಲ್ಲೆ. ಮೇಡಂ ಹೊರಡುವಾಗ ಎರಡು ಸಲ ಹೇಳಿದರು: “ಒತ್ತಾಗಿ ಬಂದ ಸಸಿಗಳನ್ನು ಕೀಳಿಸಿದಾಗ ಎಲ್ಲವನ್ನೂ ಪ್ಲಾಸ್ಟಿಕ್ ಹಾಸಿದ ಗುಂಡಿಯಲ್ಲಿ ಮುಚ್ಚಿಸಿ. ಒಂದು ಎಲೆಯೂ ಹೊರಗೆ ಹೋಗಬಾರದು.” ನಾನು ಹೂಂ ಎಂದೆ.

ಇಲ್ಲಿ ನಾನು ಮಾಡಿದ್ದನ್ನು ನೇರವಾಗಿ ಬರೆಯುತ್ತೇನೆ. ಸಸಿ ಕೀಳಲು ಆರು ಜನ ಹೆಣ್ಣಾಳುಗಳನ್ನು ಗೊತ್ತು ಮಾಡಿದೆ. ಅವರ ಮುಂದಾಳು ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು, ನಾನು ಆಕೆಯನ್ನು ಯಕ್ಕಾ ಎನ್ನುತ್ತಿದ್ದೆ. ಕೂಲಿ ಕುದುರಲಿಲ್ಲ. ನಮ್ಮ ಸೀಮೆಯಲ್ಲಿ ಕಿತ್ತ ಎಳೆ ಕುಸುಬಿ ಆಳುಗಳ ಹಕ್ಕು. ಉಡಿ ತುಂಬಿಕೊಂಡು ಮನೆಗೆ ಒಯ್ದು, ಬೇಳೆ ಹಾಕಿ ಪಲ್ಯ ಮಾಡುತ್ತಾರೆ. ನಾನು ಅದನ್ನೇ ತಕ್ಕಡಿಗೆ ಹಾಕಿದೆ.

“ಕೂಲಿ ನಾ ಹೇಳಿದ್ದ. ಮ್ಯಾಲ ಸೊಪ್ಪೆಲ್ಲಾ ನಿಮ್ದ, ನಾಲಾ ಬದೀದು ಸೈತ.”

“ನಾಲಾ ಬದೀದು ಬಾಳ ಎಳೀದಿರ್ತೈತಿ,” ಎಂದಳು ಯಕ್ಕ ಉಳಿದವರ ಕಡೆ ತಿರುಗಿ. “ಆತು ನಡೀರಿ.”

ಗುಂಡಿ ತೋಡಿಸಿದೆ, ಪ್ಲಾಸ್ಟಿಕ್ಕನ್ನೂ ಹಾಸಿಸಿದೆ. ಒಳಗೆ ಹೋದದ್ದು ಬೇರು ಮತ್ತು ಕಳೆ ಮಾತ್ರ. ಅಷ್ಟು ಚೆಂದದ ಸೊಪ್ಪನ್ನು ಮಣ್ಣಿಗೆ ಹಾಕಲು ನನಗೆ ಮನಸ್ಸೇ ಬರಲಿಲ್ಲ. ಜೋಳದ ಹಾಗೆ ಹಳದಿ ಹೊಡೆದಿದ್ದರೆ ನಾನೂ ಹೆದರುತ್ತಿದ್ದೆ. ಇಷ್ಟು ಹಸಿರಾಗಿರುವುದರಲ್ಲಿ ಏನು ಕೆಡುಕು ಇರಲು ಸಾಧ್ಯ?

ಮೊದಲ ಸಲದ ಎಲೆ ಮಾದರಿ ತೆಗೆದು ಮೇಡಂ ಹಳೆಯ ಕ್ಯಾನನ್ನು ಹೊತ್ತು ಹೋದರು. ಮೂರು ದಿನ ಬಿಟ್ಟು ಎಸ್‌ಟಿಡಿ ಬೂತಿನಿಂದ ಮಾತಾಡಿದಾಗ ಅವರ ದನಿ ಬತ್ತಿಹೋಗಿತ್ತು. “ಮುಚ್ಚಳ ತೆಗೆದರೆ ಬೇಯಿಸಿದ ಸೊಪ್ಪಿನ ವಾಸನೆ. ಸಾರಜನಕ ದಾರಿಯಲ್ಲೇ ಆರಿಹೋಗಿದೆ. ನೀವು ತರುವಾಗಲೇ ಕ್ಯಾನಿನ ಹೊರಗೆ ಮಂಜು ಕಟ್ಟಿತ್ತಾ?”

“ಬಾಳ ಕಟ್ಟಿತ್ರಿ. ಗಟ್ಟಿ ಚಳಿ ಇತ್ತು.”

“ಒಳಗಿನ ಚಳಿ ಹೊರಗೆ ಸೋರಿದರೆ ತಾನೇ ಹೊರಗೆ ಮಂಜು ಕಟ್ಟೋದು? ಒಳ್ಳೆಯ ಕ್ಯಾನಿನ ಮೈ ಒಣಗಿರುತ್ತೆ.”

ಎರಡು ಗೋಡೆಗಳ ನಡುವಿನ ನಿರ್ವಾತ ಕೆಟ್ಟಿತ್ತು. ಆಯಿತು, ಪಾಠ ಕಲಿತೆ: ಅಗ್ಗಕ್ಕೆ ತಂದ ಪಾತ್ರೆಯಲ್ಲಿ ದುಬಾರಿ ಸಾಮಾನು ಇಡಬೇಡಿ, ಕೊಡುವವನೇ ನಂಬಬೇಡ ಎಂದರೆ ಅವನ ಮಾತನ್ನಾದರೂ ನಂಬಿ. ಎಲೆಯ ಲೋಹ ಅಳೆಯಲು ಕಾಗದದ ಚೀಲಗಳಲ್ಲಿ ಒಣಗಿಸಿ ಇಟ್ಟ ಮಾದರಿಗಳು ಮಾತ್ರ ಕೆಟ್ಟಿರಲಿಲ್ಲ. ಅವಕ್ಕೆ ಚಳಿ ಬೇಕಾಗಿರಲಿಲ್ಲ.

ಎರಡನೆಯ ಮಾದರಿಗೆ ಹೊಸ ಕ್ಯಾನು ತಂದೆ, ಚೌಕಾಸಿ ಇಲ್ಲದೆ.

ಆ ಬೆಳಗನ್ನು ನಾನು ಇವತ್ತಿಗೂ ಕನಸಿನಲ್ಲಿ ಕಾಣುತ್ತೇನೆ. ಸೂರ್ಯ ಹುಟ್ಟುವ ಹೊತ್ತು. ಕಾಕಾನ ಎರೆ ಹೊಲದ ಬಿರುಕುಗಳಲ್ಲಿ ಇಬ್ಬನಿ ಇಳಿದು ಮಣ್ಣು ಕಡುಗಪ್ಪಾಗಿತ್ತು. ಮೇಡಂ ಎಲೆ ಕಿತ್ತು, ಚಿಮಟದಿಂದ ಕ್ಯಾನಿನೊಳಗೆ ಇಳಿಸುತ್ತಿದ್ದರು. ಪ್ರತಿ ಸಲವೂ ಒಳಗಿಂದ ಚುಂಯ್ ಎಂಬ ಸದ್ದು, ಬಾಯಿಂದ ಒಂದು ಬಿಳಿಯ ಅಲೆ. ಅದು ನೆಲದ ಮೇಲೆ ಹರಿದು ಸಾಲುಗಳ ನಡುವೆ ನಿಂತುಕೊಳ್ಳುತ್ತಿತ್ತು. ಸ್ವಲ್ಪ ಹೊತ್ತಿಗೆ ಗೂಟಗಳ ತಲೆ ಮಾತ್ರ ಕಾಣುತ್ತಿದ್ದವು. ಹೊಲ ನೆಲ ಬಿಟ್ಟು ಒಂದು ಗೇಣು ಎದ್ದಂತೆ, ನಾವು ಮೋಡದ ಮೇಲೆ ಕೂತು ಕುಸುಬಿ ಕೀಳುತ್ತಿರುವಂತೆ ಅನಿಸಿತು. ಒಂದು ಎಲೆಯನ್ನು ಹೊರಗೆ ತೆಗೆದು ಅವರು ಕಲ್ಲಿನ ಮೇಲೆ ತಟ್ಟಿದರು. ಗಾಜಿನಂತೆ ಕಿಣಿಕಿಣಿ ಎಂದು ಒಡೆಯಿತು.

ಅವತ್ತು ಅವರು ಖುಷಿಯಲ್ಲಿದ್ದರು. ಒಣ ಎಲೆಗಳ ಫಲಿತಾಂಶ ಬಂದಿತ್ತು. ಮಾತು ನಿದ್ದೆಗಣ್ಣಿನವರ ಹಾಗೆ ಮೆಲ್ಲಗೆ ಬರುತ್ತಿತ್ತು.

“ನೆಲದಲ್ಲಿರೋದು ಕ್ಯಾಡ್ಮಿಯಂ. ಬೇರು ಅದನ್ನು ಸತು ಅಂದುಕೊಂಡು ಒಳಗೆ ಬಿಟ್ಟುಕೊಳ್ಳುತ್ತೆ. ಒಳಗೆ ಬಂದದ್ದು ಸಿಕ್ಕಲ್ಲಿ ಹೋಗಿ ಕೆಲಸ ಕೆಡಿಸುತ್ತೆ. ಜೋಳ ಹಳದಿಯಾಗೋದು ಅದಕ್ಕೇ. ಈ ಗಿಡ ಏನು ಮಾಡುತ್ತೆ ಅಂದ್ರೆ, ಲೋಹ ಬಂತು ಅಂತ ತಿಳಿದ ತಕ್ಷಣ ಗಂಧಕ ಇರುವ ಪುಟ್ಟ ಪುಟ್ಟ ಪ್ರೋಟೀನುಗಳನ್ನು ಕಟ್ಟೋಕೆ ಶುರು ಮಾಡುತ್ತೆ. ಆ ಗಂಧಕ ಇಕ್ಕಳದ ಹಾಗೆ ಲೋಹವನ್ನು ಕಚ್ಚಿಕೊಳ್ಳುತ್ತೆ, ಬಿಡಲ್ಲ. ಆಮೇಲೆ ಜೀವಕೋಶದ ಒಳಗೆ ಒಂದು ಕೋಣೆ ಇದೆ. ಅದರ ಬಾಗಿಲಲ್ಲಿ ಇನ್ನೊಂದು ಪ್ರೋಟೀನು ನಿಂತಿರುತ್ತೆ, ಕಚ್ಚಿಕೊಂಡದ್ದನ್ನು ಹಾಗೇ ಒಳಗೆ ತಳ್ಳುತ್ತೆ.”

“ಹಗೇವಿನ್ಯಾಗ ಹಾಕಿ ಕಲ್ಲ ಮುಚ್ಚಿದಂಗ,” ಎಂದೆ. ಹಿಂದೆ ನಮ್ಮ ಕಡೆ ಅಂಗಳದಲ್ಲಿ ಆಳವಾದ ಗುಂಡಿ ತೋಡಿ ಜೋಳ ತುಂಬಿ ಬಾಯಿ ಮುಚ್ಚುತ್ತಿದ್ದರು. ಅದೇ ಹಗೇವು. ವರ್ಷಗಟ್ಟಲೆ ಮುಚ್ಚಿದ್ದನ್ನು ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಒಳಗಿನ ಗಾಳಿ ಜೀವ ತೆಗೆಯುತ್ತಿತ್ತು.

ಮೇಡಂಗೆ ಆ ಹೋಲಿಕೆ ಬಹಳ ಹಿಡಿಸಿತು. “ಹೌದು, ಹಗೇವು! ಒಂದೊಂದು ಎಲೆಯಲ್ಲೂ ಲಕ್ಷಗಟ್ಟಲೆ ಹಗೇವು.”

“ಅಂದ್ರ ವಿಷ ಹೋತಲ್ರಿ? ಗಿಡ ಅದನ್ನ ಪಳಗಿಸಿಬಿಡ್ತು.”

“ಎಲ್ಲಿ ಹೋಗುತ್ತೆ? ಎಲೆಯಲ್ಲೇ ಇರುತ್ತೆ. ಗಿಡ ತನ್ನನ್ನು ಉಳಿಸಿಕೊಳ್ತು, ಅಷ್ಟೇ. ತಿಂದವರ ಹೊಟ್ಟೆಯಲ್ಲಿ ಎಲ್ಲಾ ಬಾಗಿಲು ತೆರೆದುಕೊಳ್ಳುತ್ತೆ. ಎಲೆ ಹಸಿರಾಗಿದ್ದಷ್ಟೂ ಜನ ಮೋಸ ಹೋಗ್ತಾರೆ. ನಾಲಾ ಬದಿಯ ಎಲೆಯಲ್ಲಿ ಇರೋದು ನಾನು ಅಂದುಕೊಂಡದ್ದಕ್ಕಿಂತ ಬಹಳ ಜಾಸ್ತಿ. ಕಿತ್ತದ್ದನ್ನೆಲ್ಲ ಗುಂಡಿಗೇ ಹಾಕಿಸಿದಿರಲ್ವಾ?”

ಬಿಳಿ ಹೊಗೆ ನನ್ನ ಮೊಣಕಾಲತನಕ ಬಂದಿತ್ತು.

“ಹೌದ್ರಿ,” ಎಂದೆ.

ಅವರು ಮೊದಲ ಬಸ್ಸಿಗೆ ಕ್ಯಾನು ಹೊತ್ತು ಹೋದರು. ಹೆಣ್ಣಾಳುಗಳು ಬಂದರು. ಅವತ್ತೇ ಎರಡನೆಯ ಸಲ ಸಸಿ ಕೀಳುವ ದಿನ. ನಾನು ಯಕ್ಕನ ಹತ್ತಿರ ಹೋಗಿ, ಇವತ್ತಿಂದ ಸೊಪ್ಪೆಲ್ಲ ಗುಂಡಿಗೆ ಎಂದೆ.

“ಯಾಕಪಾ? ಮಾತ ಕೊಟ್ಟೀಯಲ್ಲ.”

“ಮೇಡಂ ಹೇಳ್ಯಾರ. ಎಣಿಸಬೇಕಂತ.”

“ಹಂಗಾರ ಕೂಲಿ ಹೆಚ್ಚ ಮಾಡು.”

“ಆತು ಮಾಡ್ತೇನಿ.”

ಆರು ಕುಡುಗೋಲುಗಳು ಒಟ್ಟಿಗೇ ನಿಂತವು. ಯಕ್ಕ ನನ್ನ ಮುಖವನ್ನೇ ನೋಡಿದಳು. “ಎಂಟಾಣೆಗೆ ಸಂಜೀತನಾ ಜಗ್ಯಾಡೋ ಮನಷ್ಯಾ, ಒಂದ ಮಾತಿಗೆ ಹೂಂ ಅಂದಿ. ಆ ಹೆಣಮಗಳು ಈ ಸೊಪ್ಪ ಎಲ್ಲ್ಯರ ಮಾರಾಕತ್ತಾಳೇನು?”

“ಛೇ, ಹಂಗೇನಿಲ್ಲ.”

“ಮತ್ತ್ಯಾಕ ಬೆವತೀದಿ, ಇಷ್ಟ ಚಳಿಯಾಗ?”

ಎಲ್ಲರೂ ನಕ್ಕರು. ನಾನೂ ನಕ್ಕೆ. ನನ್ನ ಕಣ್ಣೆದುರಿಗೇ ಸೊಪ್ಪನ್ನೆಲ್ಲ ಗುಂಡಿಗೆ ಸುರಿದರು. ಮಣ್ಣು ಮುಚ್ಚಲು ನಾಳೆ ಬರುತ್ತೇನೆ ಎಂದು ಹೇಳಿ ಬಾಗೇವಾಡಿ ಹೊಲದ ಕಡೆ ಹೊರಟೆ. ಅರ್ಧ ಸುಳ್ಳಿನಿಂದ ಕೆಲಸ ಮುಗಿಯಿತು ಎಂದುಕೊಂಡಿದ್ದೆ.

ಮರುದಿನ ಬೆಳಗ್ಗೆ ಗುಂಡಿ ಖಾಲಿಯಿತ್ತು. ಪ್ಲಾಸ್ಟಿಕ್ಕಿನ ಮೇಲೆ ಹತ್ತೆಂಟು ಬಾಡಿದ ಎಲೆ, ಅಷ್ಟೇ. ಎಳೆ ಕುಸುಬಿ ಮಣ್ಣುಪಾಲಾಗುವುದನ್ನು ನಮ್ಮ ಕಡೆಯ ಯಾವ ಹೆಂಗಸೂ ನೋಡಿಕೊಂಡು ಸುಮ್ಮನಿರುವುದಿಲ್ಲ. ಎಣಿಕೆ ಮುಗಿದ ಮೇಲೆ ಹಾಳಾಗುವ ಬದಲು ಒಲೆಗೆ ಹೋಗಲಿ ಎಂದು ಒಯ್ದಿದ್ದರು. ಇದು ನನಗೆ ಮೊದಲೇ ತಿಳಿಯಬೇಕಿತ್ತು, ನಾನೂ ಅದೇ ಪಲ್ಯ ತಿಂದು ಬೆಳೆದವನು.

ಯಕ್ಕನ ಮನೆಗೆ ಹೋದೆ. ಪಡಸಾಲೆಯಲ್ಲಿ ಆಕೆಯ ಮಗಳು ಗೋಡೆಗೆ ಒರಗಿ ಕೂತು ರೊಟ್ಟಿ ತಿನ್ನುತ್ತಿದ್ದಳು. ಚೊಚ್ಚಲ ಬಸುರಿ, ಏಳು ತಿಂಗಳು. ಹೆರಿಗೆಗೆಂದು ತವರಿಗೆ ಬಂದಿದ್ದಳು. ತಟ್ಟೆಯಲ್ಲಿ ಹಸಿರು ಪಲ್ಯ.

“ಬಾ ಏಜಂಟ, ಉಣ್ಣಾಕ ಕುಂದರ,” ಎಂದಳು ಯಕ್ಕ ಒಲೆಯ ಮುಂದಿನಿಂದ. “ಗುಂಡಿ ನೋಡಿ ಬಂದೇನು? ಸಿಟ್ಟಾಗಬ್ಯಾಡ. ಈಕೀಗೆ ಅನ್ನ ಸೇರವಲ್ದು, ಸಾರ ಸೇರವಲ್ದು. ಇದೊಂದ ಸೇರತೈತಿ. ಮದ್ಲ ಕಿತ್ತಾಗಿಂದು ಎಂಟ ದಿನ ಉಂಡಾಳ. ಉಳಿದದ್ದ ಬ್ಯಾಸಗಿಗೆ ಒಣಾ ಹಾಕೇನಿ.”

ಮಾಳಿಗೆಯ ಮೇಲೆ ಸೀರೆ ಹಾಸಿ ಸೊಪ್ಪು ಹರವಿದ್ದು ಕಾಣುತ್ತಿತ್ತು.

ನಾನು ನಿಂತಲ್ಲೇ ಲೆಕ್ಕ ಹಾಕಿದೆ, ಅಭ್ಯಾಸಬಲ. ಬಾಯಿಬಿಟ್ಟರೆ ಕಾಕಾ ಕುಂಟೆ ಹೊಡೆದು ಬೆಳೆಯನ್ನೇ ಹರಗಿಬಿಡುತ್ತಾರೆ, ಮೇಡಂ ಅವರ ವರ್ಷದ ಕೆಲಸ ಹೋಗುತ್ತದೆ, ನನ್ನ ಮಾತನ್ನು ನಾಲ್ಕು ತಾಲೂಕಿನಲ್ಲಿ ಯಾರೂ ನಂಬುವುದಿಲ್ಲ. ಸುಮ್ಮನಿದ್ದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಆ ಹುಡುಗಿ ತುತ್ತು ಮುರಿದು ಪಲ್ಯಕ್ಕೆ ಒತ್ತಿದಳು.

“ತಂಗೀ, ಅದನ್ನ ತಿನಬ್ಯಾಡ,” ಎಂದೆ. “ಯಕ್ಕಾ, ನಾ ಸುಳ್ಳ ಹೇಳೇನಿ. ಎಣಿಸಾಕ ಅಲ್ಲ. ಆ ಸೊಪ್ಪಿನ್ಯಾಗ ವಿಷ ಐತಿ.”

ಎಲ್ಲವನ್ನೂ ಹೇಳಿದೆ. ಶೆಡ್ಡು, ಲೋಹ, ಹಗೇವು, ಮೇಡಂ ಗುಂಡಿಗೆ ಹಾಕಿಸಲು ಹೇಳಿದ್ದು, ಕೂಲಿ ಇಳಿಸಲು ನಾನು ಸೊಪ್ಪು ಕೊಟ್ಟದ್ದು. ಹುಡುಗಿ ತುತ್ತನ್ನು ಕೈಯಲ್ಲೇ ಹಿಡಿದಿದ್ದಳು. ಯಕ್ಕ ಎದ್ದು ಬಂದು ಅದನ್ನು ಬಿಡಿಸಿ, ತಟ್ಟೆ ತೆಗೆದು, ಮಗಳ ಕೈ ತೊಳೆದಳು. ಬೆರಳು ಬೆರಳು ಬಿಡಿಸಿ ತೊಳೆದಳು. ಆಮೇಲೆ ನನ್ನ ಕಡೆ ನೋಡದೆ ಕೇಳಿದಳು: “ನಿನಗ ನಿನ್ನೀನ ಗೊತ್ತಿತ್ತು?”

“ಗೊತ್ತಿತ್ತು.”

“ಮದ್ಲನ ಸಲ?”

“ಗುಂಡಿಗೆ ಹಾಕು ಅಂದಿದ್ರು. ಯಾಕಂತ ನಾ ಕೇಳಲಿಲ್ಲ.”

ಅವಳು ಮಾಳಿಗೆ ಹತ್ತಿ, ಹರವಿದ್ದ ಸೊಪ್ಪನ್ನು ಸೀರೆಯ ಸಮೇತ ಗಂಟು ಕಟ್ಟಿ ತಂದು ನನ್ನ ಕಾಲ ಬುಡಕ್ಕೆ ಹಾಕಿದಳು.

ಬೂತಿಗೆ ಹೋಗಿ ಮೇಡಂಗೆ ಫೋನು ಮಾಡಿದೆ. “ನಾನು ಬರ್ತಿದೀನಿ. ಉಳಿದ ಐದು ಮನೆಗೂ ಇವತ್ತೇ ಹೋಗಿ ಹೇಳಿ. ಒಣಗಿಸಿದ್ದನ್ನೂ ಬಿಡಬೇಡಿ.” ಹೋದೆ. ಐದು ಮನೆ, ಐದು ಥರದ ಮಾತು. ಒಬ್ಬಳು ಸೊಪ್ಪಿನ ಬುಟ್ಟಿಯನ್ನೇ ನನ್ನ ತಲೆಯ ಮೇಲೆ ಕವುಚಿದಳು. ಒಬ್ಬಳು ನಂಬಲೇ ಇಲ್ಲ, “ಇಷ್ಟ ಹಸರ ಐತಿ, ಏನ ವಿಷನೋ ನಿಂದು,” ಎಂದು ನನ್ನದೇ ಹಳೆಯ ಮಾತನ್ನು ನನಗೆ ಹೇಳಿದಳು. ಅವಳ ಹೊಸ್ತಿಲಲ್ಲಿ ಮಧ್ಯಾಹ್ನವೆಲ್ಲ ಕೂತೆ. ಕೊನೆಗೆ ಬೇಸತ್ತು ಕೊಟ್ಟಳು.

ಮರುದಿನ ಮೇಡಂ ಬಂದರು. ನೇರ ಯಕ್ಕನ ಮಗಳನ್ನು ಕರೆದುಕೊಂಡು ವೈದ್ಯರ ಹತ್ತಿರ ಹೋದರು. ಮೈಯಲ್ಲಿ ಕಬ್ಬಿಣ, ಸತು ಕಡಿಮೆಯಿದ್ದರೆ ಈ ಲೋಹ ಹೆಚ್ಚು ಸೇರುತ್ತದೆ ಎಂದು ವೈದ್ಯರು ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಲೋಹವನ್ನು ಮೈಯಿಂದ ತೆಗೆದು ಹಾಕುವ ಔಷಧ ಬಸುರಿಗೆ ಕೊಡುವಂಥದ್ದಲ್ಲ, ಕಾಯಬೇಕು ಎಂದರು.

ಸಂಜೆ ಹೊಲದ ಬದುವಿನ ಮೇಲೆ ಎಲ್ಲರೂ ಕೂತೆವು. ಕಾಕಾ ತಲೆಯ ಮೇಲೆ ಕೈ ಹೊತ್ತಿದ್ದರು. “ನಮ್ಮ ಹೊಲ ಬದನಾಮ ಆತು. ನಾಳೀನ ಹರಗಿಬಿಡ್ತೇನಿ.”

ಮೇಡಂ ಬೇಡಿಕೊಳ್ಳಲಿಲ್ಲ. “ಹರಗಿ, ತಪ್ಪಿಲ್ಲ. ಆದರೆ ಬೀಜಕ್ಕೆ ಎಷ್ಟು ಹೋಗುತ್ತೆ, ಎಣ್ಣೆಗೆ ಎಷ್ಟು ಹೋಗುತ್ತೆ ಅಂತ ಗೊತ್ತಾಗದೆ ಉಳಿಯುತ್ತೆ. ಇಷ್ಟು ವರ್ಷ ನೀವೆಲ್ಲ ಆ ಎಣ್ಣೆ ಉಂಡಿದ್ದೀರಿ.”

ಯಕ್ಕ ಎದ್ದು ನಾಲಾ ಬದಿಯ ಸಾಲಿನತನಕ ನಡೆದು ಹೋದಳು. ಸಂಜೆಯ ಬೆಳಕಿನಲ್ಲಿ ಆ ಸಾಲು ಉಳಿದೆಲ್ಲಕ್ಕಿಂತ ಹಸಿರಾಗಿ, ಒಳಗಿನಿಂದ ದೀಪ ಹಚ್ಚಿದ ಹಾಗೆ ಕಾಣುತ್ತಿತ್ತು. ಬಹಳ ಹೊತ್ತು ಅದನ್ನೇ ನೋಡಿ ತಿರುಗಿ ಬಂದಳು.

“ನಾಕ ಸಾಲ ಬಿಡೂಣು ಕಾಕಾ. ಕಾಯೂದು ನಂದು. ಒಂದ ಎಲಿ ಹೊರಗ ಹೋಗಾಕ ಬಿಡಂಗಿಲ್ಲ. ಆದ್ರ ಬಾಯಾರ,” ಎಂದು ಮೇಡಂ ಕಡೆ ತಿರುಗಿದಳು, “ನಿಮ್ಮ ಪರೀಕ್ಷೀ ಕಾಗದ ಬಂದ ದಿನ ನನ್ನ ಮನೀಗೆ ಬರಬೇಕು. ನನಗ ತಿಳಿಯೂ ಮಾತಿನ್ಯಾಗ ಓದಬೇಕು. ಇಂವನ ಕೈಯಾಗ ಹೇಳಿ ಕಳಸಬಾರದು.”

ಉಳಿದ ಬೆಳೆಯನ್ನು ಮರುದಿನವೇ ಕಿತ್ತೆವು. ಗುಂಡಿಗೆ ನಾನೇ ಇಳಿದು ಸೊಪ್ಪು ತುಳಿದೆ, ನಾನೇ ಮಣ್ಣು ಎಳೆದೆ. ಕುಸುಬಿ ಹೂ ಬಿಟ್ಟಿತು. ಮೊದಲು ಹಳದಿ, ಆಮೇಲೆ ಕಿತ್ತಳೆ, ಒಣಗುತ್ತ ಕೆಂಪು. ಚಳಿಗಾಲದ ಮಧ್ಯಾಹ್ನಗಳಲ್ಲಿ ನಾಲ್ಕು ಸಾಲು ಹೂವಿನ ನಡುವೆ ಯಕ್ಕ ಕೋಲು ಹಿಡಿದು ಕೂತಿರುತ್ತಿದ್ದಳು. ನಾನು ಹೋದರೆ ಜರುಗಿ ಜಾಗ ಕೊಡುತ್ತಿದ್ದಳು. ಜೇನುನೊಣಗಳ ಸದ್ದಿನಲ್ಲಿ ನನಗೆ ಜೊಂಪು ಹತ್ತುತ್ತಿತ್ತು. ಜೊಂಪಿನಲ್ಲಿ ಎಲೆಗಳ ಒಳಗೆ ಸಾವಿರಾರು ಕಲ್ಲುಮುಚ್ಚಳಗಳು ಒಂದೊಂದಾಗಿ ಜರುಗುವ ಸದ್ದು ಕೇಳಿಸಿ ಎಚ್ಚರವಾಗುತ್ತಿದ್ದೆ.

ಸಂಕ್ರಾಂತಿ ಕಳೆದು ಹೆರಿಗೆಯಾಯಿತು. ಹೆಣ್ಣು ಕೂಸು. ಗಟ್ಟಿಯಾಗಿ ಅತ್ತಿತು ಎಂದು ಯಾರೋ ಹೇಳಿದರು. ನಾನು ನೋಡಲು ಹೋಗುವ ಧೈರ್ಯ ಮಾಡಲಿಲ್ಲ.

ಕಾಗದ ಬಂದದ್ದು ಬೇಸಗೆ ಶುರುವಾದ ಮೇಲೆ. ಮೇಡಂ ಮಾತು ಉಳಿಸಿಕೊಂಡರು. ಪಡಸಾಲೆಯಲ್ಲಿ ತೊಟ್ಟಿಲು ತೂಗುತ್ತಿತ್ತು, ಬಾಣಂತಿ ಅದರ ಪಕ್ಕದಲ್ಲಿ. ನಾನು ಬಾಗಿಲ ಹತ್ತಿರ ನಿಂತೆ. ಮೇಡಂ ಕಾಗದವನ್ನು ಓದಲಿಲ್ಲ, ಮಡಚಿ ಪಕ್ಕಕ್ಕಿಟ್ಟು ಹೇಳಿದರು.

“ಲೋಹ ಎಲ್ಲಕ್ಕಿಂತ ಹೆಚ್ಚು ಇರೋದು ಎಲೆಯಲ್ಲಿ. ಕಾಂಡದಲ್ಲಿ ಕಡಿಮೆ. ಬೀಜಕ್ಕೆ ಹೋಗೋದು ಇನ್ನೂ ಕಡಿಮೆ, ಗಿಡ ಅದನ್ನು ಕೆಳಗೇ ಹಿಡಿದು ನಿಲ್ಲಿಸುತ್ತೆ. ಹಿಂಡಿದ ಎಣ್ಣೆಯಲ್ಲಿ ಇಲ್ಲ ಅನ್ನುವಷ್ಟು ಕಡಿಮೆ. ಹಿಂಡಿ ಮಾತ್ರ ದನಕ್ಕೆ ಹಾಕಬೇಡಿ.”

“ಬೀಜ ಉಳಿಸ್ಕೊಂತೈತಿ,” ಎಂದಳು ಯಕ್ಕ.

“ಹೌದು. ಹಿಡಿಯೋ ಪ್ರೋಟೀನು ಹೆಚ್ಚು ಕಟ್ಟಿದ್ದು ಮುದ್ದೇಬಿಹಾಳದ ಬೀಜದ ಸಾಲು.”

“ಅದಿರ್ಲಿ. ನನ್ನ ಮೊಮ್ಮಗಳ ಮಾತ ಹೇಳ್ರಿ.”

ಮೇಡಂ ತೊಟ್ಟಿಲ ಕಡೆ ನೋಡಿದರು. “ಬಸುರಿಯ ಹೊಟ್ಟೆಯಲ್ಲಿ ಮಾಸು ಇರುತ್ತಲ್ಲ ಅವ್ವ, ಕೂಸಿನ ಹಿಂದೆ ಬೀಳುತ್ತಲ್ಲ, ಅದರಲ್ಲೂ ಹೆಚ್ಚುಕಡಿಮೆ ಇದೇ ಥರದ ಪ್ರೋಟೀನು ಇರುತ್ತೆ. ಗಂಧಕದ್ದೇ. ತಾಯಿಯ ರಕ್ತದಲ್ಲಿ ಬಂದ ಲೋಹವನ್ನು ಅದು ಕಚ್ಚಿ ಹಿಡಿದುಕೊಳ್ಳುತ್ತೆ, ಕೂಸಿನ ಕಡೆ ಹೋಗಲು ಬಿಡಲ್ಲ.”

“ಪೂರಾ?”

“ಬಹುಮಟ್ಟಿಗೆ. ಪೂರಾ ಅಂತ ಯಾರೂ ಬರೆದಿಲ್ಲ. ನಾನೂ ಹೇಳಲ್ಲ.”

ತೊಟ್ಟಿಲ ಹಗ್ಗ ಎರಡು ಸಲ ಕಿರುಗುಟ್ಟಿತು. ಆ ಕೋಣೆಯಲ್ಲಿ ಎಲ್ಲರೂ ಒಂದೇ ಉಸಿರು ಬಿಟ್ಟರು ಎಂದು ನನಗೆ ಅನಿಸಿತು. ಯಕ್ಕ ಮಾತ್ರ ಬಿಟ್ಟಿರಲಿಲ್ಲ. ಅವಳು ಮಗಳ ಮುಖ ನೋಡುತ್ತಿದ್ದಳು.

“ಗಿಡದಾಗ ಎಲಿಗೆ ಉಳೀತು, ಬೀಜಕ್ಕ ಹೋಗಲಿಲ್ಲ. ಇಲ್ಲಿ ಕೂಸಿಗೆ ಹೋಗಲಿಲ್ಲ. ಮತ್ತ ನನ್ನ ಮಗಳ ಮೈಯಾಗಿಂದು?”

“ಮೂತ್ರಪಿಂಡದಲ್ಲಿ ಇರುತ್ತೆ. ಬಹಳ ವರ್ಷ ಇರುತ್ತೆ. ತಿಂದದ್ದು ಕೆಲವೇ ದಿನ, ಇರೋದೂ ಸ್ವಲ್ಪವೇ. ಇನ್ನು ಮುಂದೆ ಸೇರದ ಹಾಗೆ ನೋಡಿಕೊಂಡರೆ ಅದರ ಪಾಡಿಗೆ ಅದು ಮುಚ್ಚಿಕೊಂಡೇ ಇರಬಹುದು. ವರ್ಷಕ್ಕೊಂದು ಸಲ ಪರೀಕ್ಷೆ ಮಾಡಿಸೋಣ. ನಾನು ಬರ್ತೀನಿ.”

ಬಾಣಂತಿ ತಲೆ ಎತ್ತದೆ ತೊಟ್ಟಿಲು ತೂಗಿದಳು. ಯಕ್ಕ ಹೂಂ ಎಂದಳು, ಅಷ್ಟೇ.

ಸಲಹೆ ಕೊಡುವುದು ನನ್ನ ಸ್ವಭಾವ. ವಿಷದ ನೆಲದಲ್ಲಿ ಹಸಿರು ಕಂಡರೆ ಮೊದಲು ಹೆದರಿ ಎಂದು ಅಂದಿನಿಂದ ಕಂಡಕಂಡವರಿಗೆ ಹೇಳುತ್ತೇನೆ. ಕಾಕಾ ಆ ಅಂಚಿನಲ್ಲಿ ಈಗ ತಿನ್ನುವಂಥದ್ದನ್ನು ಏನೂ ಹಾಕುವುದಿಲ್ಲ, ಹತ್ತಿ ಹಾಕುತ್ತಾರೆ. ಅವತ್ತು ಆ ಬಾಗಿಲಲ್ಲಿ ನನ್ನ ಕೈಯಲ್ಲಿ ಒಂದು ಬಟ್ಟೆಯ ಗಂಟು ಇತ್ತು. ಬಾಣಂತಿಗೆ ಹಸಿ ಮೆಂತ್ಯದ ಸೊಪ್ಪು ತಂದಿದ್ದೆ. ಮುಂದಕ್ಕೆ ಚಾಚಿದೆ.

ಯಕ್ಕ ಮುಟ್ಟಲಿಲ್ಲ. “ಯಾವ ಹೊಲದ್ದು?”

“ಬಾಗೇವಾಡಿ ಕಡೀದು. ಬಾವಿ ನೀರಿಂದು. ಆ ಮಣ್ಣನ್ನ ಮೇಡಂ ಪರೀಕ್ಷೆ ಮಾಡ್ಯಾರ, ಬೇಕಾದ್ರ ಕೇಳು.”

ಅವಳು ಮೇಡಂ ಕಡೆ ನೋಡಿದಳು. ಮೇಡಂ ತಲೆಯಾಡಿಸಿದರು. ಆದರೂ ಯಕ್ಕ ಕೈ ಚಾಚಲಿಲ್ಲ.

“ಮದ್ಲ ನೀ ತಿನ್ನು.”

ಗಂಟು ಬಿಚ್ಚಿ ಒಂದು ಎಸಳು ಬಾಯಿಗಿಟ್ಟೆ. ಕಹಿ. ಅಗಿದೆ. ಅವಳು ನನ್ನ ಗಂಟಲನ್ನೇ ನೋಡುತ್ತಿದ್ದಳು. ನುಂಗಿದೆ. ಎರಡನೆಯ ಎಸಳು ತೆಗೆದೆ, ಮೂರನೆಯದೂ. ಹೊಸ್ತಿಲಲ್ಲಿ ನಿಂತು, ಬೆಳ್ಳಗಿನ ಬಿಸಿಲಿನಲ್ಲಿ, ದನದ ಹಾಗೆ ಮೇಯ್ದೆ.

“ಸಾಕು,” ಎಂದಳು ಯಕ್ಕ. ಗಂಟನ್ನು ಇಸಿದುಕೊಂಡು ಒಳಗೆ ಹೋದಳು.